ಪೂವಮ್ಮನ ಜಗಲಿಗೆ ಒಂದು ಕುರ್ಚಿ

"ಕುರ್ಚಿ ಕೊಡುವುದಿಲ್ಲ ಅಂತ ನಾನು ಹೇಳ್ಲಿಲ್ಲ," ಎಂದರು ಪೂವಮ್ಮಕ್ಕ. ಎಲೆ ಸುತ್ತುತ್ತಿದ್ದ ಬೆರಳು ನಿಲ್ಲಲಿಲ್ಲ. "ಇದರಲ್ಲಿ ಕೂತ ಹಾಗೆ ಕೂತು ಬೀಡಿ ಕಟ್ಲಿಕ್ಕೆ ಆಗುವ ಇನ್ನೊಂದು ತಂದು ಇಡು. ಬೆಳಿಗ್ಗೆ ಹತ್ತಕ್ಕೆ ಕೂತವಳು ಊಟದವರೆಗೆ ಏಳದೆ ಮುನ್ನೂರು ಕಟ್ಟಬೇಕು. ಕಟ್ಟಿದೆನಾ, ಇದು ನಿನಗೆ. ಇಲ್ಲದಿದ್ರೆ ನಾನು ಸತ್ತ ಮೇಲೆ ಬಾ."

"ಅದು ಯಾವಾಗ ಪೂವಮ್ಮಕ್ಕ?" ಕೇಳಿದ್ದು ನನ್ನ ಉಪ್ಪ. ನಮ್ಮ ಬ್ಯಾರಿ ಮಾತಲ್ಲಿ ಅಪ್ಪನಿಗೆ ಉಪ್ಪ.

"ನಿಮಗಿಂತ ಮೊದಲಂತೂ ಅಲ್ಲ ಬ್ಯಾರಿಗಳೇ."

ಕಕ್ಕಿಂಜೆಯಲ್ಲಿ ಚಾರ್ಮಾಡಿ ರಸ್ತೆಗೆ ಮುಖ ಮಾಡಿದ ಆ ಜಗಲಿಗೆ ಬಂದು ಮುಟ್ಟಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ಮೂಡುಬಿದಿರೆಯ ಒಂದು ಹಾಸ್ಟೆಲಿನ ಓದುವ ಕೋಣೆಗಾಗಿ, ಅರವತ್ತರ ದಶಕದಲ್ಲಿ, ಕಾರೆನ್ ಹೋಲ್ಕ್ ಎಂಬ ಡೆನ್ಮಾರ್ಕಿನ ಹೆಂಗಸು ಒಂದು ಕುರ್ಚಿಯ ನಕ್ಷೆ ಬರೆದಿದ್ದಳು. ಸಾಗುವಾನಿ ಮರ, ಬೆತ್ತದ ಹೆಣಿಗೆ. ಕೈ ಮತ್ತು ಹಿಂಗಾಲು ಒಂದೇ ಗೆರೆಯಲ್ಲಿ ಹರಿದು ಬರುತ್ತವೆ. ಎಲ್ಲಿಯೂ ಒಂದು ಮೊಳೆಯಿಲ್ಲ. ಅವಳು ಈ ಕುರ್ಚಿಗಳನ್ನು ಮಾಡಿಸಿದ್ದು ಆರೇ ಆರು. ಪ್ರತಿಯೊಂದರ ಅಡಿಗೂ ನಂಬರ್ ಹೊಡೆದಿದೆ.

ಐದು ನನ್ನ ಹತ್ತಿರ ಇದ್ದವು. ಒಂದು ಬಂಟ್ವಾಳ ಪೇಟೆಯ ಕ್ಷೌರದಂಗಡಿಯಲ್ಲಿ ಸಿಕ್ಕಿತು. ಇನ್ನೊಂದರ ಮೇಲೆ ಎಣ್ಣೆ ಗಾಣದವರು ಇಪ್ಪತ್ತು ವರ್ಷ ಡಬ್ಬಿ ಇಟ್ಟಿದ್ದರು. ಎಣ್ಣೆ ಕುಡಿದು ಕುಡಿದು ಅದಕ್ಕೆ ಗೆದ್ದಲು ಬಾಯಿ ಹಾಕಿರಲಿಲ್ಲ. ಎರಡು ಹಾಸ್ಟೆಲಿನ ಅಟ್ಟದಲ್ಲೇ ಉಳಿದಿದ್ದವು. ಮತ್ತೊಂದರಲ್ಲಿ ಲಾಯಿಲದ ಒಬ್ಬ ಡಾಕ್ಟರರ ಕಂಪೌಂಡರ್ ಕೂರುತ್ತಿದ್ದ. ಅವನು ಬಿಟ್ಟುಕೊಡಲು ಏಳು ತಿಂಗಳು ತೆಗೆದುಕೊಂಡ. ಉಳಿದದ್ದು ನಾಲ್ಕನೇ ನಂಬರ್. ಅದನ್ನು ಹಾಸ್ಟೆಲಿನ ಅಡುಗೆಯವರಾಗಿದ್ದ ಸುಬ್ಬಯ್ಯನವರು ನಿವೃತ್ತಿಯ ದಿನ ಕೇಳಿ ಪಡೆದು, ಬಸ್ಸಿನ ಮೇಲೆ ಹಾಕಿ ಊರಿಗೆ ತಂದಿದ್ದರು. ಹೆಂಡತಿ ಪೂವಮ್ಮಕ್ಕ ಬಚ್ಚಲಲ್ಲಿ ಜಾರಿ ಬಿದ್ದು, ನೆಲದಲ್ಲಿ ಕೂತು ಬೀಡಿ ಕಟ್ಟಲು ಆಗದೆ ಹೋದಾಗ, ಗರಗಸ ತೆಗೆದುಕೊಂಡು ಅದರ ನಾಲ್ಕೂ ಕಾಲು ಕೊಯ್ದಿದ್ದರು.

ಆ ಮೊಂಡು ಕಾಲುಗಳನ್ನು ಮೊದಲ ಸಲ ನೋಡಿದಾಗ ಕೊಯ್ದವರಿಗೆ ಬೈಯಬೇಕು ಅನಿಸಿತು. ಸುಬ್ಬಯ್ಯನವರು ತೀರಿಕೊಂಡು ಆರು ವರ್ಷವಾಗಿತ್ತು. ಬೈಯಲಿಕ್ಕೂ ಜನ ಇಲ್ಲ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ವಾಸ್ತುಶಿಲ್ಪದ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತೇನೆ. ಅಲ್ಲಿಯ ಒಂದು ಕೋಣೆಗೆ ಎರಡು ಕಡೆಯ ಪೈಪೋಟಿ: ನನ್ನ ಕುರ್ಚಿಗಳು ಮತ್ತು ಎರಡು ಝೆರಾಕ್ಸ್ ಮೆಷಿನ್. ಪ್ರಿನ್ಸಿಪಾಲರು ತೀರ್ಪು ಕೊಟ್ಟುಬಿಟ್ಟಿದ್ದರು. "ಆರೂ ಸೇರಿದರೆ ಸಂಗ್ರಹ, ಮುರ್ಶಿದಾ. ಕೋಣೆ ಶಾಶ್ವತವಾಗಿ ನಿನ್ನದು. ಐದೇ ಆದರೆ ಗುಜರಿ." ಪ್ರದರ್ಶನಕ್ಕೆ ಉಳಿದದ್ದು ಹದಿನೈದೇ ದಿನ, ಶನಿವಾರಕ್ಕೆ ಗೊತ್ತಾಗಿತ್ತು. ಆತುರದಲ್ಲಿ ನಾನು ಆಮಂತ್ರಣವನ್ನೂ ಅಚ್ಚು ಹಾಕಿಸಿದ್ದೆ, 'ಆರು ಕುರ್ಚಿಗಳು' ಎಂದು ದೊಡ್ಡ ಅಕ್ಷರದಲ್ಲಿ. ಮಕ್ಕಳು ನನ್ನನ್ನು ನೋಡಿದಾಗಲೆಲ್ಲ ಬೆರಳಲ್ಲಿ ಎಣಿಸಿ ಐದಕ್ಕೆ ನಿಲ್ಲಿಸುತ್ತಿದ್ದರು.

ಉಪ್ಪನದು ಬಿ.ಸಿ. ರೋಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಹೋಲ್‌ಸೇಲ್ ಅಂಗಡಿ. "ಜನ ನನ್ನಿಂದ ಹೊಸದು ತೆಗೊಂಡು ಹಳೆಯದನ್ನು ಎಸೀತಾರೆ. ಎಸೆದದ್ದನ್ನು ನನ್ನ ಮಗಳು ಮನೆಗೆ ತರ್ತಾಳೆ. ಈ ಇಬ್ರಾಹಿಂ ಎಂತ ವ್ಯಾಪಾರ ಮಾಡಿದ ಹಾಗಾಯ್ತು?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಆದರೂ ಪಿಕಪ್ ಅವರದೇ, ಡ್ರೈವರ್ ಕೂಡ ಅವರೇ. ನನ್ನ ಐದೂ ಕುರ್ಚಿಗಳು ಮನೆಗೆ ಬಂದದ್ದು ಅವರ ಬೈಗುಳದ ಜೊತೆಗೇ.

ಪೂವಮ್ಮಕ್ಕನ ಷರತ್ತು ಕೇಳಿ ಅವರು ಖುಷಿಯಾದರು. ಮರುದಿನವೇ ಅಂಗಡಿಯ ಗಟ್ಟಿ ಕುರ್ಚಿಯೊಂದನ್ನು, ಕೈ ಇರುವುದನ್ನು, ಹತ್ತು ವರ್ಷ ಗ್ಯಾರಂಟಿ ಇರುವುದನ್ನು, ತಂದು ಇಟ್ಟರು. ಪೂವಮ್ಮಕ್ಕ ಕೂತರು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡರು. ಬಿದಿರಿನ ಆ ಅಗಲ ಮೊರದಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು ಎಲ್ಲ ಇರುತ್ತದೆ. ಅದು ಅಲುಗಿದರೆ ಕೆಲಸ ಕೆಟ್ಟಿತು. ಕಾಲು ಗಂಟೆಯಲ್ಲಿ ಎದ್ದರು.

"ಎತ್ತರ. ಕಾಲು ನೇತಾಡ್ತದೆ. ತಡ್ಪೆ ಮೊಣಕಾಲಿನಿಂದ ಕೆಳಗೆ ಓಡ್ತದೆ. ಮತ್ತೆ ಕೆಳಗೆ ಬೆವರು, ಬ್ಯಾರಿಗಳೇ, ನಿಮಗೆ ಹೇಗೆ ಹೇಳುವುದು."

"ಹೇಳುವುದು ಬೇಡ," ಎಂದರು ಉಪ್ಪ ತರಾತುರಿಯಲ್ಲಿ.

ಅದಕ್ಕೆ ನಾನೇ ಒಂದು ಕುರ್ಚಿ ಮಾಡಿಸಲು ಹೊರಟೆ. ನಾಲ್ಕನೇ ನಂಬರನ್ನು ಮಗುಚಿ ಹಾಕಿ, ಟೇಪು ಹಿಡಿದು, ಒಂದೊಂದು ಅಂಗುಲ ಬರೆದುಕೊಂಡೆ. ಮುಂಗಾಲಿಗಿಂತ ಹಿಂಗಾಲು ಗಿಡ್ಡ. ಮಂಡಿ ಎತ್ತರವಾಗಿ ತಡ್ಪೆ ಮೈಯ ಕಡೆಗೆ ವಾಲಲಿ ಎಂದು. ಅದು ನನಗೆ ಅರ್ಥವಾಯಿತು, ಸ್ವಲ್ಪ ಗೌರವವೂ ಬಂತು. ಆದರೆ ಬಲಗಡೆಯ ಎರಡೂ ಕಾಲು ಎಡಗಡೆಯವಕ್ಕಿಂತ ಅರ್ಧ ಬೆರಳು ಕಡಿಮೆ ಇದ್ದವು.

ಲಾಯಿಲದ ನಿತ್ಯಾನಂದ ಆಚಾರಿ ನನ್ನ ಕಾಗದ ನೋಡಿ ಅಲ್ಲಿಗೇ ಬೆರಳಿಟ್ಟರು. "ಇದೆಂತ ಮೇಡಂ, ಒಂದು ಬದಿ ಕಮ್ಮಿ?"

"ಅದು ಸುಬ್ಬಯ್ಯನವರ ಕೈತಪ್ಪು ಆಚಾರ್ರೇ. ಅಡುಗೆಯವರು ಕೊಯ್ದದ್ದಲ್ವಾ? ಎರಡೂ ಬದಿ ಸಮ ಮಾಡಿ."

"ಹೊಸ ಹಲಸಿನ ಮರ, ಹಳೆ ಕುರ್ಚಿ, ಗಿಡ್ಡ ಕಾಲು," ಎಂದು ಅವರು ನಕ್ಕರು. "ಕಾಲೇಜಿನಲ್ಲಿ ಇದನ್ನೇ ಕಲಿಸುವುದಾ?"

ಆದರೆ ಮಾಡಿದರು, ಮಾರಾಯ, ಎಂಥ ಕುರ್ಚಿ! ಹೋಲ್ಕಳ ಗೆರೆಯನ್ನೇ ಇಟ್ಟುಕೊಂಡು ಕೈಯನ್ನು ನಾನು ಎರಡು ಅಂಗುಲ ಹಿಂದಕ್ಕೆ ಸರಿಸಿದ್ದೆ, ಬೀಡಿ ಸುತ್ತುವ ಮೊಣಕೈಗೆ ತಾಗಬಾರದೆಂದು. ಬೆತ್ತ ಹೆಣೆದು ಮುಗಿದ ಸಂಜೆ ಅದನ್ನು ಅವರ ಕಾರ್ಖಾನೆಯ ಸಿಮೆಂಟು ನೆಲದ ಮೇಲೆ ಇಟ್ಟು, ತಡ್ಪೆ ಮಡಿಲಲ್ಲಿಟ್ಟು ಕೂತು ನೋಡಿದೆ. ಒಂದು ಎಲೆಯೂ ಅಲುಗಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಪೂವಮ್ಮಕ್ಕ ಅದರಲ್ಲಿ ಕೂತರು. ಪಕ್ಕದ ಮನೆಯ ಕಾಂತಿ, ಅವಳೂ ಬೀಡಿ ಕಟ್ಟುವವಳೇ, ತೀರ್ಪುಗಾರಳಂತೆ ಮೆಟ್ಟಿಲಲ್ಲಿ ಕೂತಳು. ಮೊದಲ ಕಟ್ಟು, ಇಪ್ಪತ್ತೈದು ಬೀಡಿ, ಸುಲಭದಲ್ಲಿ ಆಯಿತು. ಎರಡನೆಯದರ ನಡುವೆ ಹೊಗೆಸೊಪ್ಪು ತಡ್ಪೆಯ ಎಡ ಅಂಚಿಗೆ ಬಂದು ಗುಡ್ಡೆಯಾಗತೊಡಗಿತು. ಅವರು ಕೈಯಲ್ಲಿ ಸರಿಸಿದರು. ಮತ್ತೆ ಬಂತು. ಮೂರನೇ ಕಟ್ಟಿಗೆ ಕತ್ತರಿ ಜಾರಿ ಕೆಳಗೆ ಬಿತ್ತು. ಪೂವಮ್ಮಕ್ಕ ಸೊಂಟ ಹಿಡಿದುಕೊಂಡು ಎದ್ದರು.

"ಚೆಂದ ಉಂಟು ಮಗಾ. ಆದರೆ ಇದು ನನ್ನನ್ನು ಅಂಗಳಕ್ಕೆ ದೂಡ್ತದೆ."

ಶನಿವಾರದ ಪ್ರದರ್ಶನಕ್ಕೆ ನಡುವೆ ಇದ್ದದ್ದು ಒಂದೇ ದಿನ. ಕುರ್ಚಿಯನ್ನು ಅಲುಗಿಸಿ ನೋಡಿದೆ, ಬಗ್ಗಿ ನೋಡಿದೆ. ಎಲ್ಲ ಸರಿ ಇತ್ತು. ಅದೇ ಸಂಕಟ, ಎಲ್ಲ ಸರಿ ಇತ್ತು!

ಉಪ್ಪನ ಮುಂದೆ ಕಾಂತಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ಇಟ್ಟಿದ್ದಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡರು. ನೀರನ್ನು ಕುಡಿಯದೆ, ಎದ್ದು ಬಂದು, ಕುರ್ಚಿಯ ಬುಡದಲ್ಲಿ ಸುರಿದುಬಿಟ್ಟರು.

"ಉಪ್ಪ! ಎಂತ ಮಾಡ್ತೀರಿ?"

"ನೋಡು."

ಕೆಂಪು ಗಾರೆಯ ನೆಲದ ಮೇಲೆ ನೀರು ಒಂದು ಕ್ಷಣ ಯೋಚಿಸಿತು. ಆಮೇಲೆ ಅಂಗಳದ ಕಡೆಗೆ, ಓರೆಯಾಗಿ ಎಡಕ್ಕೆ ಹರಿದು, ಮೂಲೆಯ ತೂತಿನಲ್ಲಿ ಇಳಿದು ಹೋಯಿತು. ಮಳೆಗಾಲದಲ್ಲಿ ಎರಚಲು ನೀರು ನಿಲ್ಲಬಾರದೆಂದು ಕಟ್ಟಿದವರು ಜಗಲಿಯನ್ನೇ ಆ ಮೂಲೆಗೆ ವಾಲಿಸಿದ್ದರು.

"ಮೂವತ್ತು ವರ್ಷ ಈ ಸೀಮೆಗೆ ಕುರ್ಚಿ ಮಾರಿದ್ದೇನೆ ಮೋಳೆ," ಎಂದರು ಉಪ್ಪ. ಮೋಳೆ ಎಂದರೆ ಮಗಳು. "ಒಂದು ಜಗಲಿಯೂ ಸಪಾಟು ಇಲ್ಲ. ನನ್ನ ಪ್ಲಾಸ್ಟಿಕ್ ನೆಲ ಇದ್ದ ಹಾಗೆ ಬಗ್ಗುತ್ತದೆ. ಅದಕ್ಕೇ ಅದರ ವ್ಯಾಪಾರ ಓಡುವುದು. ನಿನ್ನ ಮರ ಬಗ್ಗುವುದಿಲ್ಲ."

ಸುಬ್ಬಯ್ಯನವರ ಕೈ ತಪ್ಪಿರಲಿಲ್ಲ. ಅವರು ಕುರ್ಚಿಯನ್ನೂ ಹೆಂಡತಿಯನ್ನೂ ನೆಲವನ್ನೂ ಒಟ್ಟಿಗೆ ಅಳೆದಿದ್ದರು. ಐದು ವರ್ಷ ವಾಸ್ತುಶಿಲ್ಪ ಓದಿದ ನಾನು ಅದನ್ನು ತಿದ್ದಿದ್ದೆ.

"ಗರಗಸ ಉಂಟಾ?" ಎಂದು ಕಾಂತಿಯನ್ನು ಕೇಳಿದೆ. ಅವಳು ಓಡಿದಳು.

"ಲಾಯಿಲಕ್ಕೆ ಹೋಗಿ ಆಚಾರಿಯನ್ನು ಕರ್ಕೊಂಡು ಬರುವ," ಎಂದರು ಉಪ್ಪ. "ನೀನು ಯಾವತ್ತಾದ್ರೂ ಗರಗಸ ಹಿಡಿದದ್ದುಂಟಾ?"

ಇಲ್ಲ. ನೂರಾರು ಕುರ್ಚಿಗಳ ಚಿತ್ರ ಬರೆದಿದ್ದೆ. ಕಾಗದದಲ್ಲಿ ಗೆರೆ ತಪ್ಪಿದರೆ ರಬ್ಬರ್ ಇರುತ್ತದೆ. ಇಲ್ಲಿ ಒಂದು ನೂಲಿನಷ್ಟು ಹೆಚ್ಚು ಹೋದರೆ ಆಚಾರಿಯ ಹತ್ತು ದಿನ ಹೋಯಿತು, ನಾಲ್ಕನೇ ನಂಬರ್ ಹೋಯಿತು, ಕೋಣೆಗೆ ಝೆರಾಕ್ಸ್ ಮೆಷಿನ್ ಬಂತು. ಆದರೆ ಈ ನೆಲದ ಮೇಲೆ ತಪ್ಪು ಮಾಡಿದವಳು ನಾನು. ಕೊಯ್ಯಬೇಕಾದವಳೂ ನಾನೇ ಅನಿಸಿತು.

ಕುರ್ಚಿಯನ್ನು ಅದರ ಜಾಗದಲ್ಲಿ ಇಟ್ಟು, ಎಡಗಾಲುಗಳ ಅಡಿಗೆ ರಟ್ಟಿನ ಚೂರು ಒಂದೊಂದೇ ಸೇರಿಸುತ್ತಾ ಹೋದೆ. ಪೂವಮ್ಮಕ್ಕ ಮೇಲೆ ಕೂತು, "ಇನ್ನೂ... ಇನ್ನೂ... ಹಾಂ, ನಿಲ್ಲು," ಎಂದರು. ರಟ್ಟಿನ ದಪ್ಪವನ್ನು ಬಲಗಾಲುಗಳ ಮೇಲೆ ಗುರುತು ಹಾಕಿದೆ. ಆಗ ಪೂವಮ್ಮಕ್ಕನೇ ಬಗ್ಗಿ, ಬೀಡಿಗೆ ಕಟ್ಟುವ ಕೆಂಪು ನೂಲನ್ನು ಆ ಗುರುತಿನ ಸುತ್ತ ಬಿಗಿದು ಒಂದೇ ಗಂಟು ಹಾಕಿದರು. ಪೆನ್ಸಿಲಿಗಿಂತ ನೇರ ಗೆರೆ.

"ನೂಲಿನ ಕೆಳಗೆ ಕೊಯ್. ನೂಲು ತುಂಡಾದರೆ ನಿನಗೆ ಊಟ ಇಲ್ಲ."

ಮೊದಲ ಕಾಲಿಗೆ ಹತ್ತು ನಿಮಿಷ ಹಿಡಿಯಿತು. ಕಾಂತಿ ಕುರ್ಚಿಯನ್ನು ಅದುಮಿ ಹಿಡಿದಳು, ಉಪ್ಪ ದೂರ ಹೋಗಿ ರಸ್ತೆ ನೋಡುತ್ತಾ ನಿಂತರು. ಹಲಸಿನ ಹಳದಿ ಪುಡಿ ನನ್ನ ಕಾಲ ಮೇಲೆ ಬೀಳುತ್ತಿತ್ತು. ಚೂರು ಟಕ್ಕೆಂದು ಉದುರಿತು. ನೂಲು ಹಾಗೇ ಇತ್ತು. ಎರಡನೆಯದರಲ್ಲಿ ಒಂದು ಸಿಗುರು ಎದ್ದಿತು, ಅಷ್ಟೇ.

ಹನ್ನೊಂದು ದಾಟಿತ್ತು. "ಹತ್ತಕ್ಕೆ ಅಂತ ಹೇಳಿದ್ದು," ಎಂದಳು ಕಾಂತಿ.

"ಊಟ ಎರಡಕ್ಕೆ ಮಾಡುವ," ಎಂದು ಪೂವಮ್ಮಕ್ಕ ಕೂತರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಏನೂ ನಡೆಯಲಿಲ್ಲ. ಹೊಗೆಸೊಪ್ಪು ಇಟ್ಟಲ್ಲೇ ಇತ್ತು. ಕತ್ತರಿ ಇಟ್ಟಲ್ಲೇ ಇತ್ತು. ಚಾರ್ಮಾಡಿ ಕಡೆಯಿಂದ ಬಸ್ಸುಗಳು ಬಂದವು, ಹೋದವು. ಎಲೆ, ಪುಡಿ, ಸುತ್ತು, ಮಡಚು, ನೂಲು; ಎಲೆ, ಪುಡಿ, ಸುತ್ತು. ಐದು ಕಟ್ಟು. ಎಂಟು. ಒಂಬತ್ತನೆಯದರ ಹೊತ್ತಿಗೆ ಅವರು ನಮ್ಮನ್ನು ಮರೆತು ಕಾಂತಿಯ ಜೊತೆ ಯಾರದೋ ಮದುವೆಯ ಸಾರಿನ ಬಗ್ಗೆ ಜಗಳಕ್ಕೆ ಬಿದ್ದಿದ್ದರು. ಸೊಂಟಕ್ಕೆ ಕೈ ಹೋಗಲಿಲ್ಲ. ನಾನು ಕಂಬಕ್ಕೆ ಒರಗಿ ಅವರ ಬೆನ್ನು ನೋಡುತ್ತಿದ್ದೆ. ಬೆತ್ತ ಆ ಬೆನ್ನನ್ನು ಹಿಡಿದಿತ್ತು. ನಾಲ್ಕು ವರ್ಷ ಇನ್ನೊಬ್ಬಳ ಗೆರೆಯ ಹಿಂದೆ ಅಲೆದಿದ್ದೆ. ಈ ಗೆರೆ ನನ್ನದು, ಅದರ ಮೇಲೆ ಒಬ್ಬರು ಕೂತು ಕೆಲಸ ಮಾಡುತ್ತಿದ್ದಾರೆ!

ಎರಡಕ್ಕೆ ಐದು ನಿಮಿಷ ಇರುವಾಗ ಹನ್ನೆರಡನೇ ಕಟ್ಟು ತಡ್ಪೆಗೆ ಬಿತ್ತು. ಪೂವಮ್ಮಕ್ಕ ಇನ್ನೊಂದು ಎಲೆ ಕೈಗೆ ತೆಗೆದುಕೊಂಡರು.

"ಮುನ್ನೂರು ಆಯ್ತು," ಎಂದೆ.

"ಆಯ್ತಾ? ನನಗೆ ಗೊತ್ತೇ ಆಗ್ಲಿಲ್ಲ."

ಅವರು ಎದ್ದು, ಗೋಡೆಗೆ ಒರಗಿಸಿದ್ದ ನಾಲ್ಕನೇ ನಂಬರನ್ನು ಸೆರಗಿನಿಂದ ಒಮ್ಮೆ ಒರೆಸಿದರು. ತಾವೇ ಒಂದು ಕೈ ಹಿಡಿದರು, ಇನ್ನೊಂದನ್ನು ಹಿಡಿಯಲು ನನಗೆ ಕಣ್ಣಲ್ಲೇ ಹೇಳಿದರು. ಇಬ್ಬರೂ ಸೇರಿ ಅದನ್ನು ಪಿಕಪ್‌ಗೆ ಏರಿಸಿದೆವು.

"ಕಾಲು ಕೊಯ್ದದ್ದು ಯಾರು ಅಂತ ಅಲ್ಲಿ ಬರಿ," ಎಂದರು. "ಹೆಸರು ಹಾಕಿ ಬರಿ."

"ಮೊದಲು ಅದನ್ನೇ ಬರೀತೇನೆ ಪೂವಮ್ಮಕ್ಕ. ಹೋಲ್ಕ್, ಸುಬ್ಬಯ್ಯ, ಇಬ್ಬರದೂ. ಆ ಕುರ್ಚಿಯ ಅಡಿಗೆ ಈ ಜಗಲಿಯಷ್ಟೇ ಓರೆ ಇರುವ ಹಲಗೆಯನ್ನೂ ಮಾಡಿಸ್ತೇನೆ."

ನಾನು ಮೊಬೈಲ್ ತೆಗೆದು ಪ್ರಿನ್ಸಿಪಾಲರಿಗೆ ಒಂದೇ ಒಂದು ಶಬ್ದ ಕಳಿಸಿದೆ: ಆರು.

ತಿರುಗಿ ನೋಡಿದರೆ ಹೊಸ ಕುರ್ಚಿಯಲ್ಲಿ ಕಾಂತಿ ಕೂತಿದ್ದಾಳೆ. ಅವಳ ಹಿಂದೆ, ಎಲ್ಲಿಂದಲೋ ಬಂದ ಇನ್ನೂ ಮೂವರು ಹೆಂಗಸರು ಸರದಿಗೆ ನಿಂತಿದ್ದಾರೆ. ಒಬ್ಬಳು ಕೈ ಮುಟ್ಟಿ ನೋಡುತ್ತಿದ್ದಳು, ಇನ್ನೊಬ್ಬಳು ಕೂರುವ ಮೊದಲೇ ಬೆಲೆ ಕೇಳುತ್ತಿದ್ದಳು.

"ನನಗೊಂದು ಬೇಕು," ಎಂದಳು ಕಾಂತಿ. "ಆದರೆ ನಮ್ಮ ಜಗಲಿ ಯಾವ ಬದಿಗೆ ವಾಲಿದ್ದು ಅಂತ ನನಗೆ ಗೊತ್ತಿಲ್ಲ."

"ಅದಕ್ಕೆಂತ, ನೋಡುವ!" ಎಂದರು ಉಪ್ಪ. ಬಾವಿಕಟ್ಟೆಯಿಂದ ಕೊಡಪಾನ ಎತ್ತಿಕೊಂಡು, ಲುಂಗಿ ಮೇಲಕ್ಕೆ ಕಟ್ಟಿ, ಅವಳ ಮನೆಯ ಕಡೆಗೆ ಹೊರಟೇಬಿಟ್ಟರು. ನಾನು ಟೇಪು ಹಿಡಿದು ಹಿಂದೆ ಓಡಿದೆ. ಆ ಮಧ್ಯಾಹ್ನ ಕಕ್ಕಿಂಜೆಯ ನಾಲ್ಕು ಜಗಲಿಗಳ ಮೇಲೆ ನೀರು ಹರಿಯಿತು, ನಾಲ್ಕು ಬೇರೆ ಬೇರೆ ದಿಕ್ಕಿಗೆ. ಪ್ಲಾಸ್ಟಿಕ್ ಕುರ್ಚಿಯ ವ್ಯಾಪಾರಿ ಇಬ್ರಾಹಿಂ ಒಂದೊಂದಕ್ಕೂ ಕೂಗಿ ಹೇಳುತ್ತಿದ್ದರು: "ಬರಕೋ ಮೋಳೆ, ಇದು ಬಲಕ್ಕೆ, ಮುಕ್ಕಾಲು ಬೆರಳು!"