ಹತ್ತೊಂಬತ್ತರ ಮುಂದಿನ ಹದಿನೇಳು

ನಾನು ಒಂದು ಕ್ಯಾಮೆರಾ. ನನ್ನನ್ನು ಮಾಡಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಎರಡೂ ಬದಿಗೆ ಬಿಳಿ ಟೋಪಿಯ ಹೆಂಗಸರು ಕುಳಿತಿದ್ದರು. ಒಬ್ಬಳು ಸ್ಪ್ರಿಂಗ್ ಇಟ್ಟಳು, ಇನ್ನೊಬ್ಬಳು ಕನ್ನಡಿ ಕೂರಿಸಿದಳು, ಕೊನೆಯವಳು ಲೆನ್ಸ್ ಜೋಡಿಸಿದಳು. ಕಣ್ಣು ಬಂದ ಕೂಡಲೇ ನನಗೆ ಕಂಡದ್ದು ಅವಳ ಹೆಬ್ಬೆರಳಿಗೆ ಸುತ್ತಿದ್ದ ಗಾಯದ ಪಟ್ಟಿ. ಮುಖ ನೋಡಬೇಕೆನ್ನುವಷ್ಟರಲ್ಲಿ ಮುಚ್ಚಳ ಹಾಕಿ ಪೆಟ್ಟಿಗೆಗೆ ಇಳಿಸಿಬಿಟ್ಟರು.

ಪೆಟ್ಟಿಗೆ ತೆರೆದದ್ದು ಗದಗಿನ ಒಂದು ಸ್ಟುಡಿಯೋದಲ್ಲಿ. ಅಲ್ಲಿ ಒಂಬತ್ತು ವರ್ಷ ಇದ್ದೆ. ಜನ ಬರುತ್ತಿದ್ದರು, ತಲೆ ಬಾಚಿಕೊಳ್ಳುತ್ತಿದ್ದರು, ಉಸಿರು ಬಿಗಿಹಿಡಿದು ನನ್ನ ಕಡೆ ನೋಡುತ್ತಿದ್ದರು, ಹೊರಟುಹೋಗುತ್ತಿದ್ದರು. ಅವರ ಚಿತ್ರವೂ ನನ್ನ ಬಳಿ ಉಳಿಯುತ್ತಿರಲಿಲ್ಲ. ರೀಲು ತುಂಬಿತೆಂದರೆ ತೆಗೆದುಕೊಂಡು ಹೋಗುತ್ತಿದ್ದರು. ಸಾವಿರಾರು ಮುಖ ನೋಡಿದೆ, ಒಬ್ಬರ ಪರಿಚಯವೂ ಆಗಲಿಲ್ಲ.

ಸ್ಟುಡಿಯೋದ ಮಾಲೀಕರು ಹೊಸ ಕ್ಯಾಮೆರಾ ಕೊಂಡಾಗ ನನ್ನನ್ನು ತಂಗಿ ಚಂಪಾಳಿಗೆ ಕೊಟ್ಟರು. ಅವಳ ಗಂಡ ವಿರೂಪಾಕ್ಷ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹಾಗೆ ನಾನು ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಗೆ ಬಂದೆ. ಚಂಪಾ ಯಾರನ್ನೂ ಸಾಲಾಗಿ ನಿಲ್ಲಿಸುತ್ತಿರಲಿಲ್ಲ. ಮಗಳು ಕಸ್ತೂರಿ ಹಾಲಿನ ಲೋಟಕ್ಕೆ ಮೂತಿ ಇಟ್ಟಾಗ, ಅಪ್ಪನ ಚಪ್ಪಲಿ ಮೆಟ್ಟಿ ನಡೆದಾಗ, ಬಾಗಿಲ ಹಿಂದೆ ಅಡಗಿದಾಗ ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ಅವಳ ರೆಪ್ಪೆ ನನ್ನ ಬೆನ್ನಿಗೆ ತಾಗುತ್ತಿತ್ತು. ಒಬ್ಬರನ್ನೇ ಮತ್ತೆ ಮತ್ತೆ ನೋಡುವ ಸುಖ ನನಗೆ ಗೊತ್ತಾದದ್ದು ಆಗ.

ಕಸ್ತೂರಿಗೆ ಆರು ತುಂಬಿದ ವರ್ಷ ಚಂಪಾಳಿಗೆ ಕಾಮಾಲೆ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ತಿರುಗಿ ಬರಲಿಲ್ಲ. ಯಾರೋ ನನ್ನನ್ನು ಚೀಲಕ್ಕೆ ಹಾಕಿ, ಅವಳ ಸೀರೆಗಳ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನನ್ನೊಳಗೆ ಅವಳು ಅರ್ಧ ಮುಗಿಸಿದ ರೀಲು ಹಾಗೇ ಇತ್ತು. ಎರಡು ಬೇಸಿಗೆ ಆ ತಗಡು ಕಾಯಿತು, ಎರಡು ಚಳಿಗಾಲ ತಣ್ಣಗಾಯಿತು.

ಬೀಗ ತೆಗೆದವಳು ಇಂದುಮತಿ. ವಿರೂಪಾಕ್ಷನ ಎರಡನೆಯ ಹೆಂಡತಿ. ಮೂವತ್ತನಾಲ್ಕು ವರ್ಷ ಅಣ್ಣಂದಿರ ಮನೆಯಲ್ಲಿ ಕಳೆದು, ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡವಳು. ಹಾಸಿಗೆಯ ಚಾದರ ಹುಡುಕುತ್ತ ಬಂದವಳ ಕೈಗೆ ನಾನು ಸಿಕ್ಕೆ.

“ಇದ್ರಾಗ ರೀಲ್ ಐತೇನ್ರಿ?” ಎಂದು ಗಂಡನನ್ನು ಕೇಳಿದಳು.

“ಇರಬೇಕು. ಚಂಪಾ ಅರ್ಧಾ ತಗದಿದ್ಲು. ತೊಳಸಾಕ ನನಗ ಧೈರ್ಯ ಸಾಲಲಿಲ್ಲ.”

ಬಾಗಿಲಲ್ಲಿ ಎಂಟು ವರ್ಷದ ಕಸ್ತೂರಿ ನಿಂತಿದ್ದಳು. “ಅದು ನಮ್ಮವ್ವಂದು. ಮುಟ್ಟಬ್ಯಾಡ” ಎಂದಳು.

“ಹೌದು, ನಿಮ್ಮವ್ವಂದ” ಎಂದಳು ಇಂದುಮತಿ. ಆದರೂ ನನ್ನನ್ನು ಕೆಳಗಿಡಲಿಲ್ಲ.

ಮರುದಿನ ನನ್ನನ್ನು ಸೆರಗಿನೊಳಗೆ ಇಟ್ಟುಕೊಂಡು ಸ್ಟೇಷನ್ ರಸ್ತೆಯ ದಾವಲಸಾಬರ ಫೋಟೋ ಅಂಗಡಿಗೆ ಹೋದಳು. ಅವರು ಕನ್ನಡಕ ಏರಿಸಿ ನನ್ನ ನೆತ್ತಿಯ ಮೇಲಿನ ಅಂಕಿ ನೋಡಿದರು.

“ಹತ್ತೊಂಬತ್ತ ಆಗ್ಯಾವ್ರಿ ಅಕ್ಕಾರ. ಇನ್ನ ಹದಿನೇಳ ಉಳದಾವ. ಬೇಕಂದ್ರ ಈಗ ತಗದ ತೊಳದ ಕೊಡ್ತೀನಿ.”

“ಉಳದದ್ದು ಖಾಲಿ ಹೋಗ್ತಾವೇನ್ರಿ?”

“ಹೋಗ್ತಾವ್ರಿ.”

ಇಂದುಮತಿ ನನ್ನನ್ನು ಅವರ ಕೈಯಿಂದ ತಿರುಗಿ ತೆಗೆದುಕೊಂಡಳು. “ಆಕಿ ಸುರು ಮಾಡಿದ್ದು ಅರ್ಧಕ್ಕ ನಿಲ್ಲೋದು ಬ್ಯಾಡ. ನನಗ ಫೋಟೋ ಹಿಡಿಯೋದ ಕಲಸ್ರಿ.”

“ಕಲಸ್ತೀನ್ರಿ. ಆದ್ರ ಹಳೇ ರೀಲ್ ಐತಿ, ಭಾಳ ದಿನಾ ಇಡಬ್ಯಾಡ್ರಿ. ಒಳಗಿನವು ಕೆಟ್ಟ ಹೋದಾವು.”

ಆ ಮಾತು ಅವಳ ಎದೆಯಲ್ಲಿ ಕೂತಿತು. ಕೆಟ್ಟುಹೋದರೆ ಸತ್ತವಳ ಕೊನೆಯ ಚಿತ್ರಗಳನ್ನು ಹಾಳು ಮಾಡಿದವಳು ತಾನಾಗುತ್ತೇನೆ ಎಂಬ ಭಯವಿತ್ತು. ಆದರೂ ಹದಿನೇಳನ್ನು ಸುಮ್ಮನೆ ಒತ್ತಿ ಮುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಒಂದೊಂದಕ್ಕೂ ಕಾದಳು.

ಕಸ್ತೂರಿ ಅವಳ ಕಡೆ ತಿರುಗುತ್ತಿರಲಿಲ್ಲ. ತಟ್ಟೆ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಏನು ಕೇಳಿದರೂ ಅಪ್ಪನಿಗೆ ಉತ್ತರ ಹೇಳುತ್ತಿದ್ದಳು. ಇಂದುಮತಿ ದೂರ ನಿಂತು ನನ್ನ ಮೂಲಕ ನೋಡುತ್ತಿದ್ದಳು. ಹುಡುಗಿಯ ಕತ್ತಿನ ಹಿಂದಿನ ಮಚ್ಚೆ ಅವಳಿಗೆ ಕಂಡದ್ದು ಹಾಗೆ. ಒಂದೇ ಕಾಲ ಮೇಲೆ ನಿಂತು ಪಾಠ ಓದುವುದು, ತಾನೇ ಹೆಣೆದುಕೊಂಡ ಜಡೆ ಎಡಕ್ಕೆ ವಾಲುವುದು, ಅಳು ಬಂದಾಗ ಹೆಗಲು ಎರಡೇ ಸಲ ಕುಣಿದು ನಿಲ್ಲುವುದು, ಎಲ್ಲ ಹಾಗೆಯೇ ಕಂಡವು. ಕ್ಯಾಮೆರಾ ಇಲ್ಲದೆ ಆ ಮಗುವನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡುವ ಹಕ್ಕು ಅವಳಿಗೆ ಆ ಮನೆಯಲ್ಲಿ ಇರಲಿಲ್ಲ. ಹತ್ತನೆಯ ಚಿತ್ರದ ಹೊತ್ತಿಗೆ ಅವಳ ಬೆರಳು ನೋಡದೆಯೇ ನನ್ನ ಗುಂಡಿ ಹುಡುಕಿಕೊಳ್ಳುತ್ತಿತ್ತು. ಬೆಳಕು ಕಿಟಕಿಯಿಂದ ಸರಿಯುವುದನ್ನು ಅವಳು ಅಡುಗೆ ಮಾಡುತ್ತಲೇ ಗಮನಿಸತೊಡಗಿದ್ದಳು.

ಒಂದೂವರೆ ತಿಂಗಳಿಗೆ ರೀಲು ಮುಗಿಯಿತು, ದಾವಲಸಾಬರು ತೊಳೆದು ಚಿತ್ರ ಮಾಡಿ ಕೊಟ್ಟರು. ಚಂಪಾ ತೆಗೆದ ಹತ್ತೊಂಬತ್ತರಲ್ಲಿ ಆರು ಕಪ್ಪಾಗಿದ್ದವು, ಹದಿಮೂರು ಉಳಿದಿದ್ದವು. ರವಿವಾರ ಮಧ್ಯಾಹ್ನ ಇಂದುಮತಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿದಳು. ನಾನು ಗೂಡಿನಲ್ಲಿದ್ದೆ. ಕಸ್ತೂರಿ ಮೊಣಕಾಲೂರಿ ಅವ್ವ ತೆಗೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿದಳು. ಮತ್ತೊಮ್ಮೆ ಮೊದಲಿನಿಂದ ಎತ್ತಿದಳು. ಅವಳ ಮುಖ ಸಣ್ಣದಾಯಿತು.

“ನಮ್ಮವ್ವ ಒಂದರಾಗೂ ಇಲ್ಲ” ಎಂದಳು ಅಪ್ಪನಿಗೆ.

ಇಂದುಮತಿ ಒಂದು ಚಿತ್ರ ಎತ್ತಿ ಹುಡುಗಿಯ ಮುಂದೆ ಹಿಡಿದಳು. “ಇದ್ರಾಗ ನೀ ಯಾರ್ನ ನೋಡಿ ನಗಾಕತ್ತೀ ಹೇಳವಾ?”

ಕಸ್ತೂರಿ ಬಹಳ ಹೊತ್ತು ನೋಡಿದಳು. “ಅವ್ವನ್ನ.”

“ಇದ್ರಾಗ?”

“ಅವ್ವನ್ನ.”

“ಹದಿಮೂರರಾಗೂ ನಿನ್ನ ಕಣ್ಣ ಮುಂದ ಆಕಿನ ಅದಾಳ.”

ವಿರೂಪಾಕ್ಷ ಎದ್ದು ಹೊರಗೆ ಹೋದ. ಕಸ್ತೂರಿ ಹದಿಮೂರನ್ನೂ ಎದೆಗೆ ಒತ್ತಿಕೊಂಡಳು. ಹೆಗಲು ಎರಡು ಸಲ ಕುಣಿದು, ಈ ಸಲ ನಿಲ್ಲಲಿಲ್ಲ. ಅಳು ಮುಗಿದ ಮೇಲೆ ಉಳಿದ ಚಿತ್ರಗಳತ್ತ ಕೈ ಚಾಚಿದಳು.

“ಇವು ಬರೇ ಬೆನ್ನ ಅದಾವಲ್ಲ. ಯಾಕ ತಗದಿ?”

ಯಾರೂ ಕೇಳದೆ, ತಾನಾಗಿ ಅವಳು ಇಂದುಮತಿಯೊಡನೆ ಆಡಿದ ಎರಡನೆಯ ಮಾತು ಅದು.

“ನೀ ತೋರಿಸಿದ್ದು ಅಷ್ಟ” ಎಂದಳು ಇಂದುಮತಿ.

ಆ ದಿನ ಮತ್ತೇನೂ ಆಗಲಿಲ್ಲ. ವಾರ ಕಳೆದು, ಶಾಲೆಗೆ ಹೊರಡುವ ಹೊತ್ತಿಗೆ ಇಂದುಮತಿ ನನ್ನನ್ನು ಒರೆಸುತ್ತ ಕೂತಿದ್ದಳು. ಕಸ್ತೂರಿ ಬಂದು ಅವಳ ಮುಂದೆ ಬೆನ್ನು ತಿರುಗಿಸಿ ಕೂತು, ರಿಬ್ಬನ್ನು ಹಿಂದಕ್ಕೆ ಚಾಚಿದಳು. “ಚಿಗವ್ವಾ, ಜಡಿ ಹಾಕು.”

ಅದರ ಚಿತ್ರ ಯಾರೂ ತೆಗೆಯಲಿಲ್ಲ. ಜಡೆ ಹಾಕಲು ಎರಡೂ ಕೈ ಬೇಕು. ನನ್ನನ್ನು ನೆಲದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಿದ್ದರು. ಕೂದಲಲ್ಲಿ ಹಣಿಗೆ ಓಡುವ ಸದ್ದಷ್ಟೇ ಕೇಳಿದೆ.

ಮುಂದೆ ಇಪ್ಪತ್ತು ವರ್ಷ ಇಂದುಮತಿ ನನ್ನನ್ನು ಬಿಡಲಿಲ್ಲ. ರೊಟ್ಟಿಯ ಹಬೆಯ ಹಿಂದಿನ ಮುಖ, ಎಣ್ಣೆ ಕೈ ತೊಳೆಯುವ ವಿರೂಪಾಕ್ಷ, ಪರೀಕ್ಷೆಯ ಮುಂಜಾನೆ ಪುಸ್ತಕದ ಮೇಲೆ ತೂಕಡಿಸುವ ಕಸ್ತೂರಿ. ದಾವಲಸಾಬರು ಅವುಗಳಲ್ಲಿ ಕೆಲವನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಹಚ್ಚಿದರು. “ಅಕ್ಕಾರ, ನಾನು ಜನಾ ಕುಂದರಿಸಿ ಹಿಡೀತೀನಿ. ನೀವು ಜನಾ ತಮ್ಮನ್ನ ತಾವ ಮರತಾಗ ಹಿಡೀತೀರಿ” ಎಂದರು. ರೈಲ್ವೆ ಇನ್‌ಸ್ಟಿಟ್ಯೂಟಿನ ಸಭಾಂಗಣದಲ್ಲಿ ಒಮ್ಮೆ ಅವಳ ನಲವತ್ತು ಚಿತ್ರಗಳ ಪ್ರದರ್ಶನವೂ ಆಯಿತು. ಎಲ್ಲರೂ ಗೋಡೆಗಳನ್ನು ನೋಡಿದರು. ನಾನು ಅವಳ ಚೀಲದಲ್ಲಿದ್ದೆ.

ಕಸ್ತೂರಿ ದಾವಣಗೆರೆಯ ಕಾಲೇಜಿನಲ್ಲಿ ಪಾಠ ಹೇಳಲು ಹೋದಳು. ರೀಲು ಸಿಗುವುದು ಕಡಿಮೆಯಾಯಿತು. ಒಂದು ದಿನ ನನ್ನೊಳಗೆ ರೀಲಿಗೆ ಬೆಳಕು ತಾಗದಂತೆ ತಡೆಯುವ ಬಟ್ಟೆಯ ಪರದೆ ಹರಿಯಿತು. ರಿಪೇರಿಯವನು ನನ್ನನ್ನು ಬಿಚ್ಚಿ ನೋಡಿದ.

“ಬಾಡಿ ಮುಗದೈತ್ರಿ ಬಾಯಾರ. ಲೆನ್ಸ್ ಮಾತ್ರ ಛಲೋ ಐತಿ. ಒಬ್ಬ ಹೆಣ್ಣಮಗಳು ಕೇಳ್ಯಾಳ, ಆಕಿ ಕ್ಯಾಮೆರಾಕ್ಕ ಹೊಂದತೈತಿ.”

ಇಂದುಮತಿಯ ಕೂದಲು ಆಗ ಪೂರ್ತಿ ಬೆಳ್ಳಗಾಗಿತ್ತು. ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಅವಳ ಮುಖವನ್ನು ನಾನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. “ಕೊಡ್ರಿ ಆಕಿಗೆ. ಇನ್ನೊಂದ ಮನ್ಯಾಗರ ನೋಡ್ಲಿ” ಎಂದಳು.

ಲೆನ್ಸ್ ಕಳಚಿಕೊಂಡು ಹೋದ ಮೇಲೆ ಈಗ ನಾನು ರಿಪೇರಿಯವನ ಡ್ರಾಯರಿನಲ್ಲಿ ಇದ್ದೇನೆ. ಕಾಣುವುದಿಲ್ಲ, ಕೇಳುತ್ತದೆ. ನನ್ನ ಕಣ್ಣು ಯಾರ ಮನೆಯಲ್ಲಿ ಯಾರನ್ನು ನೋಡುತ್ತಿದೆಯೋ ತಿಳಿಯದು. ಒಬ್ಬರನ್ನು ಬಹಳ ಹೊತ್ತು ನೋಡುತ್ತಿದ್ದರೆ ಪ್ರೀತಿ ತಾನಾಗಿ ಬರುತ್ತದೆ ಎಂಬುದೊಂದನ್ನು ಮಾತ್ರ ಆ ಕಣ್ಣಿನಿಂದ ಕಲಿತೆ. ಅದನ್ನು ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ. ಆಗಾಗ ಡ್ರಾಯರು ತೆರೆಯುತ್ತದೆ. ಒಂದು ಕೈ ನನ್ನನ್ನು ಪಕ್ಕಕ್ಕೆ ಸರಿಸಿ, ಸಣ್ಣದೊಂದು ಸ್ಕ್ರೂ ಹುಡುಕಿಕೊಂಡು ಹೋಗುತ್ತದೆ.