ಎತ್ತಿನ ಕಾಲಿಗೆ ನೀರು

ಗಾಡಿ ಹತ್ತುವಾಗ ಕಾಂತರಾಜುವಿನ ಪೇಟ ಜಾರಿ, ಮುಂದೆ ಹಗ್ಗ ಹಿಡಿದು ಕೂತಿದ್ದ ಲಿಂಗಣ್ಣನ ತೊಡೆಯ ಮೇಲೆ ಬಿತ್ತು. ಜರಿಯಂಚು ಬೆರಳಿಗೆ ಒರಟಾಗಿತ್ತು. ಲಿಂಗಣ್ಣ ತಿರುಗಿ ನೋಡದೆ ಅದನ್ನು ಹಿಂದಕ್ಕೆ ಚಾಚಿದ.

ಊರಿನ ಸುಗ್ಗಿ ಹಬ್ಬದಲ್ಲಿ ಈ ಸಲದ ಸನ್ಮಾನ ಕಾಂತರಾಜುವಿಗೆ. ವರ್ಷಗಟ್ಟಲೆ ಹೊಗೆಸೊಪ್ಪು ಬೆಳೆದು, ಗೂಡಿನ ಕಾವಿನಲ್ಲಿ ಒಣಗಿಸಿ, ಮಾರಿ, ಕೊನೆಗೆ ಅದನ್ನು ಬಿಟ್ಟು ರಾಗಿಗೆ ಮರಳಿದ ರೈತ ಎಂದು ಸಮಿತಿಯವರು ಅವನನ್ನು ಆರಿಸಿದ್ದರು. ಅವನು ಬಿತ್ತಿದ ರಾಗಿಬೀಜ ಲಿಂಗಣ್ಣನ ಮನೆಯದು. ಪಕ್ಕದ ಹೊಲದ ಲಿಂಗಣ್ಣ ರಾಗಿಯನ್ನು ಬಿಟ್ಟವನೇ ಅಲ್ಲ. ಬಿಡದವನು ಮರಳುವುದಾದರೂ ಎಲ್ಲಿಂದ?

"ನೀನೂ ಎಲ್ಡು ವರ್ಸ ಒಗೆಸೊಪ್ಪು ಬೆಳ್ದು ಬುಟ್ಬುಟ್ಟಿದ್ರೆ ನಿಂಗೂ ಪೇಟ ಸಿಕ್ಕೋದು ಕಣ್ಲಾ," ಎಂದು ಟೀ ಅಂಗಡಿಯ ಸಣ್ಣಯ್ಯ ಕಿಚಾಯಿಸಿದ್ದ. ಲಿಂಗಣ್ಣ ಎಲ್ಲರ ಜೊತೆ ನಕ್ಕಿದ್ದ. ಮನೆಗೆ ಬಂದಮೇಲೂ ಆ ನಗು ಬಾಯಲ್ಲಿ ಕಹಿಯಾಗಿ ಉಳಿದಿತ್ತು.

ಮೆರವಣಿಗೆಗೆ ಎತ್ತಿನಗಾಡಿ ಬೇಕಾಗಿತ್ತು. ಊರಲ್ಲಿ ಎತ್ತು ಉಳಿದಿದ್ದುದು ಅವನ ಕೊಟ್ಟಿಗೆಯಲ್ಲಿ ಮಾತ್ರ. ಕಾಂತರಾಜುವೇ ಬಂದು ಕೇಳಿದ: "ನಿನ್ ಎತ್ಗಳೇ ಆಗ್ಬೇಕು ಕಣಣ್ಣ. ನನ್ ಟ್ರಾಕ್ಟರಿಗೆ ಊವಾ ಸುತ್ಕಂಡೋದ್ರೆ ಜನ ನಗ್ತರೆ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಎದ್ದು ಎತ್ತುಗಳ ಮೈ ತೊಳೆದು, ಕೊಂಬಿಗೆ ತಾನೇ ಬಣ್ಣ ಹಚ್ಚಿದ. ಊರಿನ ಕಣ್ಣು ಇವುಗಳ ಮೇಲೇ ಇರುತ್ತದೆ ಎಂದುಕೊಂಡಿದ್ದ.

ಈಗ ತಮಟೆ ಮುಂದೆ, ಗಾಡಿ ಹಿಂದೆ. ಜನ ಕೊಂಬನ್ನೂ ನೋಡಲಿಲ್ಲ, ಗಾಡಿ ಹೊಡೆಯುತ್ತ ಮೂಕಿಮರದ ಮೇಲೆ ಕೂತವನನ್ನೂ ನೋಡಲಿಲ್ಲ. ಅವನ ತಲೆಯ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿ ಕೈಮುಗಿಯುತ್ತಿದ್ದರು. ಬೆನ್ನ ಹಿಂದೆ ಕಾಂತರಾಜು ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸುತ್ತಿದ್ದ.

ಮೆರವಣಿಗೆ ನೇರವಾಗಿ ಶಾಲೆಯ ಬಯಲಿಗೆ ಹೋಗಬೇಕಿತ್ತು. ಅರಳಿಕಟ್ಟೆಯ ಬಳಿ ಎತ್ತುಗಳು ಎಡಕ್ಕೆ ಎಳೆದವು. ಕಣದಿಂದ ರಾಗಿ ತುಂಬಿಕೊಂಡು ಬಂದಾಗಲೆಲ್ಲ ಅವು ತಿರುಗುವುದು ಅಲ್ಲೇ, ಅವನ ಮನೆಯ ಬೀದಿಗೆ. ಬಲಗಡೆಯ ಹಗ್ಗ ಒಂದಿಷ್ಟು ಜಗ್ಗಿದ್ದರೆ ಸಾಕಿತ್ತು. ಲಿಂಗಣ್ಣ ಕೈ ಸಡಿಲಿಸಿದ.

ನೇರ ಹೋಗಿದ್ದ ತಮಟೆಯವರು ಓಡುತ್ತ ಬಂದು ಗಾಡಿಯ ಹಿಂದೆ ಸೇರಿಕೊಂಡರು. ಇದೆಲ್ಲಿಗೆ ಎಂದು ಕಾಂತರಾಜು ಕೇಳಿದ.

"ಎತ್ತೇ ತಿರುಗ್ಕಂಡೊ ಕಣಪ್ಪ," ಎಂದ ಲಿಂಗಣ್ಣ.

ಸುಗ್ಗಿಯ ಗಾಡಿ ಮನೆಗೆ ಬಂದ ದಿನ ಅವನ ಹೆಂಡತಿ ಬಸವಮ್ಮ ಎತ್ತಿನ ಕಾಲಿಗೆ ನೀರು ಹಾಕುತ್ತಾಳೆ, ಆರತಿ ಎತ್ತುತ್ತಾಳೆ, ಕೊನೆಗೆ ಗಂಡನ ಹಣೆಗೆ ಕುಂಕುಮ ಇಡುತ್ತಾಳೆ. ಇವತ್ತು ತಮಟೆಯ ಸದ್ದಿನಲ್ಲಿ, ಇಷ್ಟು ಜನರ ಎದುರಿಗೆ, ಅಷ್ಟಾದರೆ ಅವನಿಗೆ ಸಾಕಿತ್ತು.

ಸದ್ದು ಕೇಳಿ ಬಸವಮ್ಮ ಹೊರಬಂದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಹಬ್ಬಕ್ಕೆಂದು ಜೋಡಿಸಿಟ್ಟಿದ್ದ ಆರತಿ ತಟ್ಟೆ. ಎತ್ತುಗಳ ಕಾಲಿಗೆ ನೀರು ಸುರಿದಳು. ಲಿಂಗಣ್ಣ ಕೆಳಗಿಳಿದು, ನೊಗದ ಪಕ್ಕ ಚಪ್ಪಲಿ ಬಿಟ್ಟು, ಹೆಗಲ ಟವೆಲ್ ಸರಿಮಾಡಿಕೊಂಡು ನಿಂತ.

ಅವಳು ಚೊಂಬು ಕೆಳಗಿಟ್ಟು, ಅವನನ್ನು ದಾಟಿಕೊಂಡು ಹೋಗಿ ಗಾಡಿಯ ಮಗ್ಗುಲಲ್ಲಿ ನಿಂತಳು. ಕಾಂತರಾಜು ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿದ. ಅವನ ಹಣೆಗೆ ಕುಂಕುಮ ಇಡಲು ಅವಳು ಬೆರಳು ಚಾಚಿದಾಗ ಗಾಡಿ ಅಲುಗಿತು.

"ಎತ್ತ ವಸಿ ಇಡ್ಕಳಿ," ಎಂದಳು ಗಂಡನಿಗೆ, ತಿರುಗದೆಯೇ. "ಬಾಗ್ಲಿಗೆ ಬಂದೌರೆ. ನೆಟ್ಟುಗೆ ಇಕ್ಬೇಕಲ್ವಾ?"

ಲಿಂಗಣ್ಣ ಎರಡೂ ಮೂಗುದಾರ ಹಿಡಿದ. ಎತ್ತುಗಳು ಅಲ್ಲಾಡದೆ ನಿಂತವು. ಅವುಗಳ ಗೊರಸಿನಿಂದ ಹರಿದ ನೀರು ಧೂಳನ್ನು ತಳ್ಳಿಕೊಂಡು ಬಂದು ಅವನ ಕಾಲ್ಬೆರಳುಗಳ ನಡುವೆ ತಣ್ಣಗೆ ನಿಂತಿತು.