ಹಾಲಿನ ಹೊಳೆಗೆ ಒಂದು ಗಂಟು

ಸಮುದ್ರದ ಉಪ್ಪುಗಾಳಿಗೆ ಬಾಗಿಲ ಚಿಲಕಗಳೆಲ್ಲ ತುಕ್ಕು ಹಿಡಿಯುವ ಒಂದು ಊರಿನಲ್ಲಿ, ಒಂದು ಕಾಲದಲ್ಲಿ, ಹೊಟ್ಟೆಯೊಳಗೆ ಹಾಲಿನ ಹೊಳೆ ಇದ್ದ ಒಬ್ಬ ಹೆಂಗಸಿದ್ದಳು. ಊರು ತಮಿಳು ಸೀಮೆಯ ತ್ರಿಪ್ಲಿಕೇನ್. ಕಾಲ ಬಹಳ ಹಿಂದಿನದೇನಲ್ಲ, ಹೋದ ಮಳೆಗಾಲ ಮುಗಿದ ಮೇಲಿನದು. ಹೆಂಗಸಿನ ಹೆಸರು ಸರಸ. ಇಂಥ ಹೊಳೆ ಎಲ್ಲರ ಹೊಟ್ಟೆಯಲ್ಲೂ ಹರಿಯುತ್ತದೆ, ಯಾರಿಗೂ ಗೊತ್ತಿರುವುದಿಲ್ಲ ಅಷ್ಟೆ. ಸರಸಳಿಗೆ ಅದು ಕಣ್ಣಿಗೇ ಕಂಡಿತು.

ಬೆನ್ನುಮೂಳೆಯ ಮುಂದೆ, ಹೊಟ್ಟೆಯ ಆಳದಲ್ಲಿ ಬೆಳೆದಿದ್ದ ಗೆಡ್ಡೆಯೊಂದನ್ನು ಕೀಲ್ಪಾಕ್‌ನ ನರ್ಸಿಂಗ್ ಹೋಮಿನಲ್ಲಿ ತೆಗೆದಿದ್ದರು. ಕೆಟ್ಟ ಗೆಡ್ಡೆಯಲ್ಲ ಎಂದು ತಿಳಿದ ದಿನ ಗಂಡ ಸುಬ್ರಾಯ ತನ್ನ ಪುಟ್ಟ ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಹಂಚಿದ. ಆದರೆ ಮನೆಗೆ ಬಂದ ಸರಸಳ ಹೊಟ್ಟೆ ದಿನದಿಂದ ದಿನಕ್ಕೆ ಉಬ್ಬತೊಡಗಿತು. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದಾಯಿತು. ಮತ್ತೆ ಅದೇ ಆಸ್ಪತ್ರೆ, ಅದೇ ಹಾಸಿಗೆ. ಡಾಕ್ಟರಮ್ಮ ಹೊಟ್ಟೆಯ ಪಕ್ಕದಲ್ಲಿ ಸಣ್ಣ ಕೊಳವೆ ಇಳಿಸಿದರು. ಅದರ ತುದಿಯ ಚೀಲಕ್ಕೆ ಇಳಿದದ್ದು ರಕ್ತವಲ್ಲ, ಕೀವಲ್ಲ. ಹಾಲಿನಂಥ ಬಿಳಿ ನೀರು.

ಸರಸ ಹೆದರುವುದನ್ನೂ ಮರೆತು ನೋಡಿದಳು.

"ನಮ್ಮ ಹಾಲಿನವ ದಿನಾ ತಡ ಮಾಡ್ತಾನೆ ಅಂತ ಬೈತಿದ್ದೆ," ಎಂದ ಸುಬ್ರಾಯ, ಮುಖದ ಗಾಬರಿ ಮುಚ್ಚಿಕೊಳ್ಳಲು. "ಇನ್ನು ಆ ಚಿಂತೆ ಇಲ್ಲ."

"ನಗಿಸ್ಬೇಡಿ ಮಾರಾಯ್ರೆ, ಹೊಲಿಗೆ ಎಳೀತದೆ."

ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದರು. ಮಗಳನ್ನು ನೋಡಿಕೊಳ್ಳಲು ಕುಂದಾಪುರದ ಕಡೆಯಿಂದ ಬಂದಿದ್ದ ಜಾನಕಮ್ಮನಿಗೆ ಸರಸಳೇ ಅದನ್ನು ಕನ್ನಡಕ್ಕೆ ತಂದಳು. ನಾವು ತಿಂದ ಎಣ್ಣೆ, ತುಪ್ಪ ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನಿಂದ ಕೂದಲೆಳೆಯಂಥ ಕಾಲುವೆಗಳಲ್ಲಿ ಹಾಲಿನ ಬಣ್ಣ ತಾಳಿ ಹೊರಡುತ್ತದೆ. ಬೆನ್ನುಮೂಳೆಯ ಮುಂದೆ ಮೇಲಕ್ಕೆ, ಮೇಲಕ್ಕೆ ಏರಿ ಕತ್ತಿನ ಬುಡದಲ್ಲಿ ರಕ್ತಕ್ಕೆ ಕೂಡುತ್ತದೆ. ಗೆಡ್ಡೆ ಇದ್ದ ಕಡೆ ಆ ಕಾಲುವೆಗಳಲ್ಲೊಂದು ಒಡೆದಿದೆ. ತಿಂದ ಸಾರವೆಲ್ಲ ಹೊಟ್ಟೆಗೆ ಸೋರುತ್ತಿದೆ.

"ಹೊಳೆ ಮೇಲಕ್ಕೆ ಹರೀತದಾ?" ಜಾನಕಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಇಷ್ಟು ವರ್ಷ ಹೊತ್ಕೊಂಡು ತಿರುಗಿದ್ದೇನೆ, ನಂಗೆ ಒಂದು ಮಾತು ಹೇಳ್ಲಿಲ್ಲ ನೋಡು ಇದು!"

ಜಿಡ್ಡು ನಿಂತರೆ ಹರಿವು ತಗ್ಗಿ ಬಿರುಕು ತಾನಾಗಿ ಮುಚ್ಚಬಹುದು, ಎಂದರು ಡಾಕ್ಟರಮ್ಮ. ಎಣ್ಣೆ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ.

ತೆಂಗಿನಕಾಯಿ ಇಲ್ಲದ ಅಡುಗೆ! ಜಾನಕಮ್ಮನ ಕೈಗೆ ಅದು ಪರದೇಶ. ಆದರೂ ಹೋಟೆಲಿನ ಒಲೆಯ ಮೂಲೆಯೊಂದನ್ನು ಮಗಳಿಗೆಂದೇ ಹಿಡಿದರು. ಒಗ್ಗರಣೆಯಿಲ್ಲದ ಸಾರು, ಬೇಯಿಸಿದ ಸೌತೆಕಾಯಿ, ಬರೀ ಅನ್ನ. ಕ್ಯಾರಿಯರ್ ಹಿಡಿದು ಆಟೋ ಹತ್ತಿ ಬರುವರು. ಸುಬ್ರಾಯ ಆಸೆಗೆಂದು ಒಂದು ಗೋಡಂಬಿ ಕೊಟ್ಟದ್ದಕ್ಕೆ ಅಳಿಯನೆಂದೂ ನೋಡದೆ ಗದರಿದರು.

ಆದರೆ ಹೊಳೆ ನಿಲ್ಲಲಿಲ್ಲ. ಒಮ್ಮೆ ತಿಳಿಯಾದಂತೆ ಕಾಣುವುದು, ಊಟವಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಬೆಳ್ಳಗಾಗುವುದು. ಸರಸಳ ಕೆನ್ನೆಯ ಮೂಳೆ ಎದ್ದಿತು, ಬಳೆಗಳು ಮೊಣಕೈವರೆಗೆ ಜಾರಿದವು. ಹೀಗೇ ಸೋರಿದರೆ ಜೀವ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಸುಬ್ರಾಯನನ್ನು ಹೊರಗೆ ಕರೆದು ಹೇಳಿದ್ದು ಸರಸಳಿಗೂ ಕೇಳಿಸಿತು. ರೆಪ್ಪೆ ಮುಚ್ಚಿ ಮಲಗಿದ್ದಳು. ಭಯವಿತ್ತು, ಇಲ್ಲವೆಂದಲ್ಲ. ಭಯದ ಬದಿಯಲ್ಲೇ ಒಂದು ಬೆರಗೂ ಕೂತಿತ್ತು: ತನ್ನೊಳಗೆ ಎಲ್ಲೋ, ಯಾವ ಕತ್ತಲಲ್ಲೋ, ಸೂಜಿಮೊನೆಯಷ್ಟು ಬಿರುಕೊಂದು ತನ್ನನ್ನೇ ಖಾಲಿ ಮಾಡುತ್ತಿದೆ.

ಒಂದು ಮಧ್ಯಾಹ್ನ ಡಾಕ್ಟರಮ್ಮ ಊಟದ ಹೊತ್ತಿಗೇ ಒಳಗೆ ಬಂದರು. ಜಾನಕಮ್ಮ ಬಾಳೆಲೆಯ ತುಂಡಿನ ಮೇಲೆ ಅನ್ನ ಬಡಿಸಿ, ಪುಟ್ಟ ಮಿಳ್ಳೆಯಿಂದ ಅದರ ನೆತ್ತಿಗೆ ಏನನ್ನೋ ಬಿಟ್ಟರು. ಘಮ್ಮೆಂದಿತು.

"ಪಾಟಿ, ಇದು ಎನ್ನ?" ಎಂದರು ಡಾಕ್ಟರಮ್ಮ.

ಅಜ್ಜಿ, ಇದೇನು ಎಂದು ಕೇಳಿದ್ದು ಜಾನಕಮ್ಮನಿಗೆ ತಿಳಿಯಿತು. "ಅನ್ನಶುದ್ಧಿ," ಎಂದರು.

"ತುಪ್ಪ ಬೇಡ ಅಂದಿದ್ದೆನಲ್ಲ?" ಎಂದ ಡಾಕ್ಟರಮ್ಮನ ಮಾತನ್ನು ಸರಸ ಕನ್ನಡದಲ್ಲಿ ಹೇಳಿದಳು.

"ತುಪ್ಪ ಎಲ್ಲಿ ಹಾಕಿದೆ? ಒಂದು ಹನಿ ಮುಟ್ಟಿಸ್ಲಿಲ್ಲ. ಇದು ಅನ್ನಶುದ್ಧಿ ಅಲ್ವಾ. ಇದು ಬೀಳದೆ ಅನ್ನ ಶುದ್ಧ ಆಗುದಿಲ್ಲ, ಉಣ್ಣಲಿಕ್ಕೂ ಆಗುದಿಲ್ಲ."

ಡಾಕ್ಟರಮ್ಮ ಸರಸಳನ್ನು ನೋಡಿದರು. ಸರಸ ಎಲೆಯನ್ನು ನೋಡಿದಳು. ಹೊತ್ತು ಹೊತ್ತಿಗೆ ಆ ಹೊಳಪು ಅವಳ ಕಣ್ಣೆದುರೇ ಬಿದ್ದಿತ್ತು. ಅದು ತುಪ್ಪ ಎಂದು ಅವಳಿಗೂ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಬ್ರಾಯನಿಗೂ ಇಲ್ಲ.

ಜಾನಕಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಿಳ್ಳೆ ಕೈಯಿಂದ ಜಾರಿತು. "ನಾನೇ ಸುರಿದೆನಾ ಮಗಾ? ನನ್ನ ಕೈಯಿಂದಲೇ?"

"ಬಿಡು ಅಮ್ಮ. ನಂಗೂ ಗೊತ್ತಾಗ್ಲಿಲ್ಲ."

"ಅತ್ತೆ, ನೀವು ನನ್ನ ಗೋಡಂಬಿಗೆ ಬೈದ್ರಲ್ಲ," ಎಂದ ಸುಬ್ರಾಯ ಮೆಲ್ಲಗೆ. ಜಾನಕಮ್ಮ ಅಳುತ್ತಲೇ ನಕ್ಕುಬಿಟ್ಟರು.

ಡಾಕ್ಟರಮ್ಮ ಬೈಯಲಿಲ್ಲ. ಹಾಸಿಗೆಯ ಅಂಚಿಗೆ ಕೂತು ಜಾನಕಮ್ಮನ ಕೈ ಹಿಡಿದರು. ಇನ್ನು ಒಂದು ಹನಿಯೂ ಬೇಡ. ಆದರೂ ನಿಲ್ಲದಿದ್ದರೆ ನಾನೇ ಒಳಗೆ ಹೋಗಿ ಬಿರುಕು ಹುಡುಕಿ ಕಟ್ಟುತ್ತೇನೆ, ಎಂದರು. "ಸತ್ಯಮಾ, ಪಾಟಿ?"

"ಸತ್ಯ," ಎಂದರು ಜಾನಕಮ್ಮ. "ಆದ್ರೆ ನೀನೂ ಮಾತು ಕೊಡ್ಬೇಕು ಮಗಾ. ಕಟ್ಟಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಗಂಟನ್ನು ನನ್ನ ಮಗಳ ಕಣ್ಣಿಗೆ ತೋರಿಸ್ಬೇಕು."

ಸರಸ ಅದನ್ನು ತಮಿಳಿನಲ್ಲಿ ಹೇಳಿದಾಗ ಡಾಕ್ಟರಮ್ಮ ನಕ್ಕು, ಜಾನಕಮ್ಮನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ನೀರು ತಿಳಿಯಾಯಿತು, ಕಡಿಮೆಯಾಯಿತು. ನಿಲ್ಲಲಿಲ್ಲ. ಬಿರುಕು ಮುಚ್ಚಿರಲಿಲ್ಲ. ಕಡೆಗೆ ಆಪರೇಷನ್ ಎಂದೇ ಆಯಿತು. ಹಿಂದಿನ ದಿನ ಡಾಕ್ಟರಮ್ಮ ಬಂದು ವಿಚಿತ್ರ ಸಂಗತಿ ಹೇಳಿದರು. ತಿಳಿನೀರಿನಲ್ಲಿ ತಿಳಿನೀರಿನ ಬಿರುಕು ಕಾಣುವುದಿಲ್ಲ. ಹೊಳೆ ಬೆಳ್ಳಗಾಗಬೇಕು. ಆಪರೇಷನ್ ಮಧ್ಯಾಹ್ನದ ಮೇಲೆ. ಬೆಳಕು ಹರಿಯುವ ಮೊದಲೇ ಸರಸ ಜಿಡ್ಡು ಕುಡಿಯಬೇಕು. ಸಾಮಾನ್ಯವಾಗಿ ಕೆನೆ ಕೊಡುತ್ತೇವೆ.

"ಕೆನೆ ಯಾಕೆ? ತುಪ್ಪ ಆಗುದಿಲ್ವಾ?" ಎಂದು ಕೇಳಿದರು ಜಾನಕಮ್ಮ.

"ತಾರಾಳಮಾ," ಧಾರಾಳವಾಗಿ ಕೊಡಿ, ಎಂದರು ಡಾಕ್ಟರಮ್ಮ.

ಅಂದು ಹೋಟೆಲಿನ ಒಲೆಯ ಮುಂದೆ ಜಾನಕಮ್ಮ ತಾವೇ ಕೂತು ಬೆಣ್ಣೆ ಕಾಯಿಸಿದರು. ಮರುದಿನ ನಸುಕಿನಲ್ಲಿ ಸರಸ ಲೋಟ ಎತ್ತಿದಾಗ ಅಮ್ಮ ತಿರುಗಿ ನಿಂತು ಗೋಡೆ ನೋಡುತ್ತಿದ್ದರು. ಬೆಚ್ಚನೆಯ ತುಪ್ಪ ಗಂಟಲಿನಿಂದ ಇಳಿಯಿತು. ಮೊದಲ ಬಾರಿಗೆ ಸರಸ ಅದರ ದಾರಿಯನ್ನು ಮನಸ್ಸಿನಲ್ಲೇ ಹಿಂಬಾಲಿಸಿದಳು: ಕರುಳು, ಕೂದಲೆಳೆಯ ಕಾಲುವೆ, ಕತ್ತಲು, ಮೇಲಕ್ಕೆ ಏರುವ ಬಿಳಿ.

ಆಪರೇಷನ್ ಮುಗಿದ ಮೇಲೂ ಡಾಕ್ಟರಮ್ಮ ಏನೂ ತೋರಿಸಲಿಲ್ಲ. "ತಾಳಿ," ಎಂದರು. ಸರಸ ಮೊದಲು ಗಂಜಿ ಉಂಡಳು, ಆಮೇಲೆ ಸಾರನ್ನ, ಆಮೇಲೆ ಕೊದ್ದೆಲು, ಕಾಯಿ ಅರೆದು ಹಾಕಿದ ಹುಳಿ. ಪ್ರತಿ ಊಟದ ನಂತರ ಅವಳು, ಅಮ್ಮ, ಸುಬ್ರಾಯ ಮೂವರೂ ಚೀಲವನ್ನು ನೋಡುವರು. ಅದು ಚಪ್ಪಟೆಯಾಗಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಕೊಳವೆಯನ್ನು ಎಳೆದು ತೆಗೆದು, ಪಟ್ಟಿ ಅಂಟಿಸಿ, ಆಪರೇಷನ್ ಹೊತ್ತಿನಲ್ಲಿ ತೆಗೆದ ವಿಡಿಯೊ ಹಚ್ಚಿ ಫೋನನ್ನು ಸರಸಳ ಮುಂದೆ ಹಿಡಿದರು.

ಕೆಂಪು, ಹಳದಿ, ಒದ್ದೆಯ ಮಿನುಗು. ಇದು ನಾನು, ಅಂದುಕೊಂಡಳು ಸರಸ. ಎಷ್ಟು ಚಂದ ಇದ್ದೇನೆ ಒಳಗೆ! ಒಂದು ಕಡೆ ಏನೂ ಇಲ್ಲದಲ್ಲಿ ಬಿಳಿಯ ಚುಕ್ಕೆ ಮೂಡಿತು. ಬೆಳೆಯಿತು, ಮುತ್ತಿನಷ್ಟಾಯಿತು, ತುಂಬಿ ಜಾರಿತು. ಮತ್ತೊಂದು ಮೂಡಿತು.

"ಅಲ್ಲಿ ಉಂಟು," ಎಂದು ಪಿಸುಗುಟ್ಟಿದರು ಜಾನಕಮ್ಮ.

ನೀಲಿ ದಾರವೊಂದು ಬಂತು. ಬಿಳಿಯ ಬಾಯಿಯನ್ನು ಬಳಸಿ ಸುತ್ತಿತು, ಇನ್ನೊಮ್ಮೆ ಸುತ್ತಿತು, ಗಂಟಾಗಿ ಬಿಗಿಯಿತು. ಹತ್ತಿಯ ಉಂಡೆಯೊಂದು ಆ ಜಾಗವನ್ನು ಒರೆಸಿತು. ಮೂವರೂ ಕಾದರು. ಚುಕ್ಕೆ ಮತ್ತೆ ಮೂಡಲಿಲ್ಲ.